ಆವರಣ ಬಿಡಿಸಿ ಸಂಕ್ಷೇಪಿಸುವುದು: ಬೀಜೋಕ್ತಿಯಲ್ಲಿ ಮತ್ತೆ ಮತ್ತೆ ತಪ್ಪುವವರಿಗೆ ಹಂತ ಹಂತದ ಮಾರ್ಗದರ್ಶಿ

ಅಂಕಿ, ಅಕ್ಷರ ಸೇರಿದ ಬೀಜೋಕ್ತಿ ಕೊಟ್ಟು ‘ಆವರಣ ಬಿಡಿಸಿ ಸಂಕ್ಷೇಪಿಸಿ’ ಎನ್ನುವ ಲೆಕ್ಕ 8ನೇ ತರಗತಿಯದು. ಆದರೆ ಕಲಬುರಗಿಯ ನಮ್ಮ ಮನೆಯ ಪಡಸಾಲೆಯಲ್ಲಿ ಸಂಜೆ ಪಾಠಕ್ಕೆ ಕೂರುವವರಲ್ಲಿ ಇದರಲ್ಲಿ ಎಡವುವವರು ಹೆಚ್ಚಾಗಿ 10ನೆಯವರು. ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ಗಣಿತ ಹೋಗಿ ಪರೀಕ್ಷೆ-2ಕ್ಕೆ ಓದಲು ಬಂದ ಮಕ್ಕಳ ಹಾಳೆ ಬಿಚ್ಚಿ ನೋಡಿದರೆ ವರ್ಗಸಮೀಕರಣದ ಸೂತ್ರ ಸರಿಯಾಗೇ ಇರುತ್ತದೆ. ಅದಕ್ಕೂ ಎರಡು ಸಾಲು ಮೇಲೆ, ಆವರಣ ಬಿಡಿಸುವಾಗ, ಒಂದು ಮೈನಸ್ ಕೈತಪ್ಪಿರುತ್ತದೆ. ಅಲ್ಲಿಂದ ಕೆಳಗಿನ ಕೆಲಸವೆಲ್ಲ ವ್ಯರ್ಥ.

ಈ ತಪ್ಪುಗಳು ಬುದ್ಧಿ ಸಾಲದೆ ಆಗುವುದಿಲ್ಲ, ಕ್ರಮ ತಪ್ಪಿದ್ದರಿಂದ ಆಗುತ್ತವೆ. ಒಂದು ಸಾಲಿನಲ್ಲಿ ಮೂರು ಕೆಲಸ ಮಾಡಲು ಹೋಗುತ್ತಾರೆ: ಆವರಣ ಬಿಡಿಸುತ್ತಾರೆ, ಚಿಹ್ನೆ ಬದಲಿಸುತ್ತಾರೆ, ಕೂಡಿಸಿಯೂ ಬಿಡುತ್ತಾರೆ. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಒಂದು ಸಾಲಿಗೆ ಒಂದೇ ಕೆಲಸ. ಕೊನೆಗೆ ಉತ್ತರ ಸರಿಯೋ ತಪ್ಪೋ ಎಂದು ಯಾರನ್ನೂ ಕೇಳದೆ ನೀವೇ ಪತ್ತೆ ಮಾಡುವ ಉಪಾಯವೂ ಇದೆ. ಅದನ್ನು ಬಿಟ್ಟು ಉಳಿದದ್ದಷ್ಟೇ ಓದಬೇಡಿ.

ಅಕ್ಷರಗಳ ಬಗ್ಗೆ ಒಂದು ಮಾತು. ಪುಸ್ತಕದಲ್ಲಿ ಎಕ್ಸ್, ವೈ ಇರುವ ಕಡೆ ಇಲ್ಲಿ ಕ, ಮ ಎಂದು ಬರೆದಿದ್ದೇನೆ. ಸೂತ್ರಗಳಲ್ಲಿ ಎ, ಬಿ ಬದಲು ಅ, ಬ. ಲೆಕ್ಕಕ್ಕೆ ಯಾವ ಅಕ್ಷರವಾದರೂ ಅಷ್ಟೇ.

## ಮೊದಲು ಹತ್ತಿರ ಇಟ್ಟುಕೊಳ್ಳಬೇಕಾದದ್ದು

ಗೆರೆ ಇರುವ ಒಂದು ನೋಟ್‌ಬುಕ್, ಪೆನ್ನು, ಪೆನ್ಸಿಲ್. ಕಚ್ಚಾ ಲೆಕ್ಕಕ್ಕೆ ಪಾಟಿ ಇದ್ದರೆ ಇನ್ನೂ ಒಳ್ಳೆಯದು. ಕ್ಯಾಲ್ಕುಲೇಟರ್ ಬೇಡ. ಬಣ್ಣದ ಪೆನ್ನುಗಳನ್ನೂ ನಂಬಿಕೊಳ್ಳಬೇಡಿ. ಮನೆಯಲ್ಲಿ ಹಸಿರು, ಕೆಂಪು ಹಾಕಿ ರೂಢಿಯಾದವರು ಪರೀಕ್ಷೆಯಲ್ಲಿ ಒಂದೇ ಪೆನ್ನು ಹಿಡಿದು ಕಂಗಾಲಾಗುತ್ತಾರೆ. ಬಣ್ಣದ ಬದಲು ಆಕಾರ ಬಳಸಿ: ಒಂದು ಬಗೆಯ ಪದಕ್ಕೆ ಸುತ್ತು, ಇನ್ನೊಂದಕ್ಕೆ ಚೌಕ, ಮತ್ತೊಂದಕ್ಕೆ ಅಡಿಗೆರೆ.

ಪ್ರತಿ ಲೆಕ್ಕದ ಬಲಗಡೆ ನಾಲ್ಕು ಬೆರಳಿನಷ್ಟು ಜಾಗ ಪೆನ್ಸಿಲ್ ಗೆರೆ ಎಳೆದು ಬಿಡಿ. ತಾಳೆ ನೋಡುವ ಕೆಲಸ ಅಲ್ಲಿ ನಡೆಯುತ್ತದೆ. ಎಕ್ಸ್ ಬರೆಯುವವರು ಅದನ್ನು ಬಾಲ ಇರುವಂತೆ ಬಾಗಿಸಿ ಬರೆಯುವ ರೂಢಿ ಮಾಡಿಕೊಳ್ಳಿ. ನೇರವಾಗಿ ಬರೆದರೆ ಗುಣಾಕಾರದ ಗುರುತಿಗೂ ಅದಕ್ಕೂ ವ್ಯತ್ಯಾಸವೇ ಕಾಣುವುದಿಲ್ಲ, ತನ್ನ ಕೈಬರಹವೇ ತನಗೆ ಮೋಸ ಮಾಡುತ್ತದೆ.

## ಹಂತ 1: ಪದಗಳನ್ನು ಚಿಹ್ನೆ ಸಮೇತ ಬಿಡಿಸಿ ನೋಡುವುದು

ಲೆಕ್ಕ ಕೈಗೆ ಬಂದ ಕೂಡಲೇ ಏನನ್ನೂ ಕೂಡಿಸಬೇಡಿ, ಗುಣಿಸಬೇಡಿ. ಮೊದಲು ಪ್ರತಿ ಪದಕ್ಕೂ ಪೆನ್ಸಿಲ್‌ನಿಂದ ಸುತ್ತು ಹಾಕಿ. ಸುತ್ತು ಹಾಕುವಾಗ ಪದದ ಎಡಗಡೆ ಇರುವ ಚಿಹ್ನೆ ಒಳಗೆ ಬರಬೇಕು.

4ಕ − 7 + 3ಮ − ಕ

ಇದರಲ್ಲಿ ನಾಲ್ಕು ಪದಗಳು: +4ಕ, −7, +3ಮ, −ಕ. ಮೊದಲ ಪದದ ಹಿಂದೆ ಚಿಹ್ನೆ ಕಾಣದಿದ್ದರೆ ಅಲ್ಲಿ ಪ್ಲಸ್ ಇದೆ. ಅಕ್ಷರದ ಹಿಂದೆ ಅಂಕಿ ಕಾಣದಿದ್ದರೆ ಅಲ್ಲಿ 1 ಇದೆ. ಅಂದರೆ −ಕ ಪದದ ಸಹಗುಣಕ (ಅಕ್ಷರದ ಹಿಂದಿನ ಅಂಕಿ, ಚಿಹ್ನೆ ಸಮೇತ) −1. ಸೊನ್ನೆ ಅಲ್ಲ.

ಇಲ್ಲಿ ಆಗುವ ತಪ್ಪು ಒಂದೇ, ಆದರೆ ದೊಡ್ಡದು. ‘ಮೈನಸ್ 7, ಆಮೇಲೆ ಪ್ಲಸ್ 3ಮ’ ಎಂದು ಓದುವ ಬದಲು ‘4ಕ ಮೈನಸ್’ ಎಂದು ಓದಿ ಚಿಹ್ನೆಯನ್ನು ಎಡಗಡೆಯ ಪದಕ್ಕೆ ಅಂಟಿಸುತ್ತಾರೆ. ಪದಗಳ ಜಾಗ ಅದಲುಬದಲು ಮಾಡುವಾಗ ಆ ಮೈನಸ್ ಬೇರೆಯವರ ಪಾಲಾಗುತ್ತದೆ. ಚಿಹ್ನೆ ಯಾವತ್ತೂ ತನ್ನ ಬಲಗಡೆಯ ಪದದ್ದು. ಪದ ಎಲ್ಲಿಗೆ ಹೋದರೂ ಅದರ ಜೊತೆಗೇ ಹೋಗಬೇಕು.

## ಹಂತ 2: ಸಜಾತಿ ಪದಗಳನ್ನಷ್ಟೇ ಕೂಡಿಸುವುದು

ಆವರಣವೇ ಇಲ್ಲದ ಲೆಕ್ಕಗಳಲ್ಲಿ ಮೊದಲು ಕೈ ಕುದುರಬೇಕು. ಅಕ್ಷರ ಒಂದೇ ಆಗಿ ಅದರ ಘಾತವೂ (ತಲೆಯ ಮೇಲಿನ ಪುಟ್ಟ ಅಂಕಿ) ಒಂದೇ ಆಗಿದ್ದರೆ ಅವು ಸಜಾತಿ ಪದಗಳು. 6ಕ² ಮತ್ತು −2ಕ² ಸಜಾತಿ. 6ಕ² ಮತ್ತು 6ಕ ವಿಜಾತಿ. 5ಕಮ ಮತ್ತು 2ಮಕ ನೋಡಲು ಬೇರೆ ಅನ್ನಿಸಿದರೂ ಸಜಾತಿಯೇ, ಏಕೆಂದರೆ ಗುಣಾಕಾರದಲ್ಲಿ ಹಿಂದುಮುಂದಾದರೆ ಬೆಲೆ ಬದಲಾಗದು. ಆದರೆ ಕ²ಮ ಬೇರೆ, ಕಮ² ಬೇರೆ.

6ಕ² − 4ಕ + 9 − 2ಕ² − 3ಕ − 15

ವರ್ಗ ಇರುವವಕ್ಕೆ ಸುತ್ತು, ಬರೀ ಕ ಇರುವವಕ್ಕೆ ಚೌಕ, ಅಕ್ಷರವಿಲ್ಲದ ಬರೀ ಅಂಕಿಗೆ, ಅಂದರೆ ಸ್ಥಿರಾಂಕಕ್ಕೆ, ಅಡಿಗೆರೆ. ಆಮೇಲೆ ಜೊತೆ ಮಾಡಿ ಬರೆಯಿರಿ:

6ಕ² − 2ಕ² − 4ಕ − 3ಕ + 9 − 15

= 4ಕ² − 7ಕ − 6

ಎರಡು ಮೈನಸ್ ಪಕ್ಕಪಕ್ಕ ಬರುವ −4ಕ − 3ಕ ಜಾಗದಲ್ಲಿ ನಿಲ್ಲೋಣ. ನಮ್ಮಲ್ಲಿ ಅತಿ ಹೆಚ್ಚು ಅಂಕ ಹೋಗುವುದು ಇಲ್ಲಿ. ಒಬ್ಬ ಹುಡುಗ +7ಕ ಬರೆದು ತಂದಿದ್ದ. ಕೇಳಿದರೆ, “ಮೈನಸ್ ಮೈನಸ್ ಪ್ಲಸ್ ಅಲ್ರೀ ಸರ್ರ?” ಅಂದ. “ಅದು ಗುಣಾಕಾರದಾಗ ತಮ್ಮಾ. ಇಲ್ಲಿ ಗುಣಾಕಾರ ಎಲ್ಲಿ ಅದ, ತೋರ್ಸು” ಅಂದೆ. ಹಾಳೆ ನೋಡುತ್ತ ಕೂತ, ಅವನಿಗೆ ಗುಣಾಕಾರ ಸಿಗಲಿಲ್ಲ.

ಅವನಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಕಿರಾಣಿ ಅಂಗಡಿಯಲ್ಲಿ ಬೆಳಿಗ್ಗೆ 4 ರೂಪಾಯಿ ಉದ್ರಿ ಬರೆಸಿದಿರಿ, ಸಂಜೆ ಮತ್ತೆ 3 ರೂಪಾಯಿ ಉದ್ರಿ. ಎರಡು ಉದ್ರಿ ಸೇರಿದರೆ ಅಂಗಡಿಯವನು ನಿಮಗೆ 7 ರೂಪಾಯಿ ಕೊಡುತ್ತಾನೆಯೇ? ಉದ್ರಿ 7 ಆಗುತ್ತದೆ. −4 − 3 = −7. ಉದ್ರಿಯೂ ಜಮೆಯೂ ಇದ್ದರೆ ಮಾತ್ರ ಒಂದರಲ್ಲಿ ಒಂದು ಕಳೆಯಬೇಕು, ಯಾವುದು ದೊಡ್ಡದೋ ಅದರ ಚಿಹ್ನೆ ಇಡಬೇಕು: 9 − 15 = −6. ‘ಮೈನಸ್ ಮೈನಸ್ ಪ್ಲಸ್’ ಎಂಬ ಮಾತನ್ನು ಈ ಹಂತದಲ್ಲಿ ಮರೆತೇಬಿಡಿ. ಅದರ ಕೆಲಸ ಮುಂದಿನ ಹಂತದಲ್ಲಿದೆ.

ಇನ್ನೊಂದು ಎಡವಟ್ಟು: 7ಕ + 5 ಎಂಬಲ್ಲಿಗೆ ಬಂದು ನಿಲ್ಲಲಾಗದೆ 12ಕ ಎಂದು ಬರೆಯುವುದು. ನಡುವೆ ಪ್ಲಸ್ ಕಂಡರೆ ‘ಉತ್ತರ ಇನ್ನೂ ಮುಗಿದಿಲ್ಲ’ ಎಂಬ ಅಳುಕು. ಇದಕ್ಕೆ ನಾವು ಶಿಕ್ಷಕರೂ ಕಾರಣ. ಕ ಅಂದರೆ ಕಡ್ಲಿ, ಮ ಅಂದರೆ ಮೆಂತೆ, ಎರಡನ್ನೂ ಬೆರೆಸಬಾರದು ಎಂದು ಹೇಳಿಕೊಡುತ್ತೇವೆ. ಆಗ ಮಗು ಅಕ್ಷರವನ್ನು ವಸ್ತು ಅಂದುಕೊಳ್ಳುತ್ತದೆ. ಕ ಎಂದರೆ ವಸ್ತುವಲ್ಲ, ಇನ್ನೂ ಗೊತ್ತಿಲ್ಲದ ಒಂದು ಸಂಖ್ಯೆ. ಕ ಎಂದರೆ ತೊಗರಿ ಅಲ್ಲ, ಒಂದು ಕ್ವಿಂಟಲ್ ತೊಗರಿಯ ದರ. ಆ ದರ ಗೊತ್ತಾಗುವವರೆಗೆ ‘7 ಕ್ವಿಂಟಲ್ ತೊಗರಿಯ ಹಣ, ಮೇಲೆ 5 ರೂಪಾಯಿ’ ಎಂಬುದನ್ನು ಇನ್ನೂ ಚಿಕ್ಕದು ಮಾಡಲು ಬರುವುದಿಲ್ಲ. 7ಕ + 5 ಪೂರ್ಣ ಉತ್ತರ. ಧೈರ್ಯವಾಗಿ ಬರೆದು ಕೆಳಗೆ ಗೆರೆ ಎಳೆಯಿರಿ.

## ಹಂತ 3: ಒಂದು ಪದವನ್ನು ಒಂದು ಪದದಿಂದ ಗುಣಿಸುವುದು

ಗುಣಿಸುವಾಗ ಮೂರು ಸಲ ನೋಡಿ, ಇದೇ ಕ್ರಮದಲ್ಲಿ: ಮೊದಲು ಚಿಹ್ನೆ, ಆಮೇಲೆ ಅಂಕಿ, ಕೊನೆಗೆ ಅಕ್ಷರ.

(−3ಕ) × (4ಕಮ): ಚಿಹ್ನೆ ಮೈನಸ್; ಅಂಕಿ 12; ಅಕ್ಷರ ಕ × ಕ × ಮ = ಕ²ಮ. ಉತ್ತರ −12ಕ²ಮ.

(−5ಕ) × (−2ಕ): ಚಿಹ್ನೆ ಪ್ಲಸ್, ಅಂಕಿ 10, ಅಕ್ಷರ ಕ². ಉತ್ತರ 10ಕ².

ಕ + ಕ = 2ಕ, ಕ × ಕ = ಕ². ಇವೆರಡು ತಿರುವುಮುರುವಾದರೆ ಮುಂದಿನ ಯಾವ ಹಂತವೂ ನಿಲ್ಲುವುದಿಲ್ಲ. ಕೂಡಿಸುವಾಗ ಘಾತ ಬದಲಾಗದು, ಸಹಗುಣಕ ಬದಲಾಗುತ್ತದೆ. ಗುಣಿಸುವಾಗ ಘಾತಗಳು ಕೂಡುತ್ತವೆ.

## ಹಂತ 4: ಆವರಣದ ಹೊರಗಿನದು ಒಳಗಿನ ಪ್ರತಿಯೊಂದಕ್ಕೂ ತಲುಪಬೇಕು

ಗಂಜಿನಲ್ಲಿ (ಕಾಳಿನ ಮಾರುಕಟ್ಟೆಯಲ್ಲಿ) ತೊಗರಿ ತೂಕ ಮಾಡಿಸುವುದನ್ನು ನೋಡಿದವರಿಗೆ ಈ ಹಂತ ಸಲೀಸು. ಚೀಲ ಸಮೇತ ತೂಕ ಕ ಕಿಲೋ. ಬಾರದಾನದ್ದು, ಅಂದರೆ ಖಾಲಿ ಚೀಲದ್ದು, ಒಂದು ಕಿಲೋ ಎಂದು ಇಟ್ಟುಕೊಳ್ಳಿ. ಒಂದು ಚೀಲದ ಕಾಳು (ಕ − 1) ಕಿಲೋ. ಅಂಥವು 12 ಚೀಲ ಇದ್ದರೆ:

12(ಕ − 1) = 12ಕ − 12

ಮಕ್ಕಳು ಬರೆಯುವುದು 12ಕ − 1. ಅಂದರೆ 12 ಚೀಲ ತೂಗಿ, ಒಂದೇ ಚೀಲದ ಬಾರದಾನ ಕಳೆದ ಹಾಗಾಯಿತು. ಚೀಲ ಸಮೇತ 51 ಕಿಲೋ ಇದ್ದರೆ ನಿಜವಾದ ಕಾಳು 12 × 50 = 600 ಕಿಲೋ. 12ಕ − 12 ಕೂಡ 612 − 12 = 600 ಕೊಡುತ್ತದೆ. 12ಕ − 1 ಕೊಡುವುದು 611. ಹನ್ನೊಂದು ಕಿಲೋ ಖಾಲಿ ಚೀಲಕ್ಕೆ ತೊಗರಿಯ ದರ ಕೊಡಲು ಯಾವ ಖರೀದಿದಾರನೂ ಒಪ್ಪುವುದಿಲ್ಲ.

ಕೈ ಕುದುರುವವರೆಗೆ ಹೊರಗಿನ ಪದದಿಂದ ಒಳಗಿನ ಪ್ರತಿ ಪದಕ್ಕೂ ಪೆನ್ಸಿಲ್‌ನಿಂದ ಬಾಣ ಎಳೆಯಿರಿ. ಒಳಗೆ ಮೂರು ಪದ ಇದ್ದರೆ ಮೂರು ಬಾಣ, ಉತ್ತರದಲ್ಲಿ ಮೂರು ಪದ.

3ಕ(2ಕ − 5ಮ + 4) = 6ಕ² − 15ಕಮ + 12ಕ

ಎಚ್ಚರಿಕೆಯ ಗುರುತು: ಬಾಣ ಎಷ್ಟೋ ಪದ ಅಷ್ಟಿಲ್ಲದಿದ್ದರೆ ಅಲ್ಲೇ ನಿಲ್ಲಿ. ಹೆಚ್ಚಾಗಿ ಕೊನೆಯ ಪದಕ್ಕೆ ಗುಣಾಕಾರ ತಲುಪಿರುವುದಿಲ್ಲ.

## ಹಂತ 5: ಆವರಣದ ಮುಂದೆ ಮೈನಸ್ ಇದ್ದಾಗ

ಇದಕ್ಕೆ ಒಂದು ದಿನ ಪೂರ್ತಿ ಕೊಡಿ. ಅವಸರ ಬೇಡ.

ಸೂಪರ್ ಮಾರ್ಕೆಟ್ ಕಡೆ ಹೋಗಿ ಬಟ್ಟೆ ತಗೊಂಡಿರಿ. ಹಾಕಿದ ಬೆಲೆ ಕ ರೂಪಾಯಿ, ಅಂಗಡಿಯವರು 30 ರೂಪಾಯಿ ಕಡಿಮೆ ಮಾಡಿದರು. ಕೊಡಬೇಕಾದ್ದು (ಕ − 30). ನೀವು 500ರ ನೋಟು ಕೊಟ್ಟಿರಿ. ವಾಪಸ್ ಬರಬೇಕಾದ ಚಿಲ್ಲರೆ:

500 − (ಕ − 30)

ಅಂಗಡಿಯವರು ಮರೆತು 500ರಲ್ಲಿ ಪೂರ್ತಿ ಕ ಹಿಡಿದುಕೊಂಡರು ಎನ್ನಿ. ಆಗ 30 ರೂಪಾಯಿ ಹೆಚ್ಚು ಹಿಡಿದ ಹಾಗಾಯಿತು, ಅದನ್ನು ಅವರು ತಿರುಗಿ ಕೊಡಬೇಕು. ಆದ್ದರಿಂದ 500 − ಕ + 30. ಆವರಣದೊಳಗಿನ ಮೈನಸ್ 30 ಹೊರಗೆ ಬಂದಾಗ ಪ್ಲಸ್ 30 ಆದದ್ದು ಹೀಗೆ. ಇದು ಯಾರೋ ಇಟ್ಟ ನಿಯಮವಲ್ಲ, ನಿಮ್ಮದೇ ದುಡ್ಡಿನ ಲೆಕ್ಕ.

ಬೆಲೆ 200 ಇದ್ದರೆ ಸರಿಯಾದ ಚಿಲ್ಲರೆ 500 − 170 = 330. 500 − ಕ − 30 ಎಂದು ಬರೆದವರಿಗೆ ಸಿಗುವುದು 270. ವ್ಯತ್ಯಾಸ 60. ಆ 60 ಎಂಬುದು 30ರ ಎರಡು ಪಟ್ಟು. ಇದನ್ನು ನೆನಪಿಟ್ಟುಕೊಳ್ಳಿ, ತಪ್ಪು ಹುಡುಕುವಾಗ ಇದೇ ನಮ್ಮ ದೀಪ.

ಮುಂದೆ ಅಂಕಿ ಇದ್ದರೆ ಮೈನಸ್ಸನ್ನೂ ಅಂಕಿಯನ್ನೂ ಒಟ್ಟಿಗೆ ಒಂದೇ ಪದವಾಗಿ ಹಿಡಿಯಿರಿ.

7 − 2(ಕ − 4)

ಹೊರಗಿನದು 2 ಅಲ್ಲ, −2. ಒಳಗಿನವು +ಕ ಮತ್ತು −4.

(−2) × (+ಕ) = −2ಕ
(−2) × (−4) = +8

7 − 2ಕ + 8 = 15 − 2ಕ

ಅಂಕಿಯೇ ಇಲ್ಲದೆ ಬರೀ ಮೈನಸ್ ಇದ್ದರೆ ಅಲ್ಲಿ ಪೆನ್ಸಿಲ್‌ನಿಂದ 1 ಬರೆದುಕೊಳ್ಳಿ. −(3ಕ − ಮ + 6) ಎಂದರೆ −1(3ಕ − ಮ + 6), ಅಂದರೆ −3ಕ + ಮ − 6. ಮೊದಲನೆಯದರ ಚಿಹ್ನೆ ಬದಲಿಸಿ ಉಳಿದೆರಡನ್ನು ಹಾಗೇ ಬಿಡುವವರು ತರಗತಿಗೊಬ್ಬರಲ್ಲ, ಬೆಂಚಿಗೊಬ್ಬರು.

ಇದೇ ಲೆಕ್ಕದಲ್ಲಿ ಇನ್ನೊಂದು ಗುಂಡಿ: 7 − 2 ಮೊದಲೇ ಕಳೆದು 5(ಕ − 4) ಮಾಡುವುದು. ಎಡದಿಂದ ಬಲಕ್ಕೆ ಓದುತ್ತ ಹೋಗುವ ಕಣ್ಣು ಹೀಗೆ ಮಾಡಿಸುತ್ತದೆ. ಆ 2 ಆವರಣಕ್ಕೆ ಗುಣಾಕಾರದಿಂದ ಕಟ್ಟಿಕೊಂಡಿದೆ; ಗುಣಾಕಾರ ಮುಗಿಯದೆ 7ರ ಹತ್ತಿರ ಹೋಗಲಾರದು.

ಆವರಣದೊಳಗೆ ಆವರಣ ಇದ್ದರೆ ಎಲ್ಲಕ್ಕಿಂತ ಒಳಗಿನದನ್ನು ಮೊದಲು ಬಿಡಿಸಿ. ಒಂದು ಸಾಲಿಗೆ ಒಂದೇ ಆವರಣ.

## ಹಂತ 6: ಎರಡು ಆವರಣಗಳ ಗುಣಾಕಾರ

ನಮ್ಮ ಪಡಸಾಲೆಯ ನೆಲ ಶಹಾಬಾದ ಕಲ್ಲಿನದು. ಇದನ್ನು ಹೇಳಿಕೊಡಲು ಬೋರ್ಡ್ ಬೇಕಾಗುವುದಿಲ್ಲ, ಚಾಕ್‌ಪೀಸ್ ತಗೊಂಡು ನೆಲದ ಮೇಲೆಯೇ ಗೆರೆ ಎಳೆಯುತ್ತೇನೆ. ಬೂದು ಕಲ್ಲಿನ ಮೇಲೆ ಬಿಳಿ ಗೆರೆ ಚೆನ್ನಾಗಿ ಕಾಣುತ್ತದೆ, ಒದ್ದೆ ಬಟ್ಟೆ ಆಡಿಸಿದರೆ ಹೋಗುತ್ತದೆ.

ಉದ್ದ ಅಗಲ ಎರಡೂ ಕ ಅಡಿ ಇರುವ ಒಂದು ಕೋಣೆ. ಉದ್ದವನ್ನು 3 ಅಡಿ, ಅಗಲವನ್ನು 2 ಅಡಿ ಬೆಳೆಸಿದರು. ಈಗ ಎಷ್ಟು ಚದರ ಅಡಿ ಕಲ್ಲು ಹಾಸಬೇಕು?

(ಕ + 3)(ಕ + 2)

ಚಿತ್ರ ಬರೆದರೆ ನಾಲ್ಕು ತುಂಡು ಕಾಣುತ್ತವೆ. ಹಳೆಯ ಕೋಣೆ ಕ². ಉದ್ದದ ಕಡೆ ಬೆಳೆದ ಪಟ್ಟಿ 3ಕ. ಅಗಲದ ಕಡೆ ಬೆಳೆದ ಪಟ್ಟಿ 2ಕ. ಎರಡು ಪಟ್ಟಿ ಸೇರುವ ಮೂಲೆಯಲ್ಲಿ ಪುಟ್ಟ ತುಂಡು, 3 × 2 = 6.

ಕ² + 2ಕ + 3ಕ + 6 = ಕ² + 5ಕ + 6

ಬಹಳ ಮಕ್ಕಳು ಬರೆಯುವುದು ಕ² + 6. ಮೊದಲನೆಯದನ್ನು ಮೊದಲನೆಯದರಿಂದ, ಕೊನೆಯದನ್ನು ಕೊನೆಯದರಿಂದ ಗುಣಿಸಿ ಮುಗಿಸುತ್ತಾರೆ. ಹಳೆಯ ಕೋಣೆ 10 ಅಡಿಯದಾಗಿದ್ದರೆ ಬೇಕಾದ ಕಲ್ಲು 13 × 12 = 156 ಚದರ ಅಡಿ; ಅವರು ತರಿಸುವುದು 106. ಎರಡೂ ಪಟ್ಟಿಗಳು, 50 ಚದರ ಅಡಿ, ಬರೀ ಮಣ್ಣು. ನೆಲದ ಮೇಲಿನ ಚಿತ್ರದಲ್ಲಿ ಆ ಎರಡು ಪಟ್ಟಿಗಳ ಮೇಲೆ ಮಗುವನ್ನೇ ನಿಲ್ಲಿಸಿ. ಮುಂದೆ ಅದು ನಡುವಿನ ಪದ ಮರೆಯುವುದು ಅಪರೂಪ.

ಮೈನಸ್ ಇರುವ ಲೆಕ್ಕಕ್ಕೂ ಅದೇ ನಾಲ್ಕು ಮನೆಯ ಚೌಕ ಹಾಕಿ. ಮೇಲೆ ಒಂದು ಆವರಣದ ಪದಗಳು, ಪಕ್ಕದಲ್ಲಿ ಇನ್ನೊಂದರದ್ದು, ಚಿಹ್ನೆ ಸಮೇತ. ಆಗ ಅದು ನೆಲದ ಅಳತೆಯಾಗಿ ಉಳಿಯುವುದಿಲ್ಲ, ಏನೂ ಬಿಟ್ಟುಹೋಗದಂತೆ ಕಾಯುವ ಕೋಷ್ಟಕವಾಗುತ್ತದೆ.

(2ಕ − 5)(ಕ + 4): ಮನೆಗಳಲ್ಲಿ ಬರುವುದು 2ಕ², +8ಕ, −5ಕ, −20.

= 2ಕ² + 3ಕ − 20

ಎಣಿಕೆಯ ಕಾವಲು ಇಲ್ಲೂ ಇದೆ. ಮೊದಲ ಆವರಣದ ಪದಗಳ ಸಂಖ್ಯೆಯನ್ನು ಎರಡನೆಯದರ ಸಂಖ್ಯೆಯಿಂದ ಗುಣಿಸಿ. ಕೂಡಿಸುವ ಮುಂಚಿನ ಸಾಲಿನಲ್ಲಿ ಅಷ್ಟೇ ಪದ ಇರಬೇಕು. ಎರಡು ಮತ್ತು ಮೂರು ಪದ ಇದ್ದರೆ ಆರು:

(ಕ − 2)(ಕ² + 3ಕ − 1)
= ಕ³ + 3ಕ² − ಕ − 2ಕ² − 6ಕ + 2
= ಕ³ + ಕ² − 7ಕ + 2

## ಹಂತ 7: ವರ್ಗ ಮತ್ತು ನಿತ್ಯಸಮೀಕರಣಗಳು

(ಅ + ಬ)² = ಅ² + 2ಅಬ + ಬ²
(ಅ − ಬ)² = ಅ² − 2ಅಬ + ಬ²
(ಅ + ಬ)(ಅ − ಬ) = ಅ² − ಬ²

ಇವನ್ನು ಬಾಯಿಪಾಠ ಮಾಡಿದವರೂ ತಪ್ಪುತ್ತಾರೆ. (ಅ + ಬ)² ಎಂದರೆ (ಅ + ಬ)(ಅ + ಬ), ಹಿಂದಿನ ಹಂತದ ನಾಲ್ಕು ಮನೆಯೇ. ಎರಡು ಪಟ್ಟಿಗಳೂ ಅಬ ಆದ್ದರಿಂದ ನಡುವೆ 2ಅಬ. ಸೂತ್ರ ಮರೆತುಹೋದರೆ ಚೌಕ ಹಾಕಿ ಮಾಡಿ, ಉತ್ತರ ಅದೇ ಬರುತ್ತದೆ.

(3ಕ + 2)² ಬಿಡಿಸುವಾಗ ಅ ಜಾಗದಲ್ಲಿ ಇಡೀ 3ಕ ಇದೆ. ಅದರ ವರ್ಗ 9ಕ², 3ಕ² ಅಲ್ಲ. ಆದ್ದರಿಂದ 9ಕ² + 12ಕ + 4. ಸೂತ್ರಕ್ಕೆ ಹಾಕುವ ಸಾಲಿನಲ್ಲಿ (3ಕ)² + 2(3ಕ)(2) + (2)² ಎಂದು ಆವರಣ ಇಟ್ಟು ಬರೆದರೆ ಈ ತಪ್ಪು ಆಗುವುದೇ ಇಲ್ಲ.

(ಕ − 5)² ಕೊನೆಯಲ್ಲಿ −25 ಬರೆಯಬೇಡಿ. ಮೈನಸ್ 5ರ ವರ್ಗ +25. ಉತ್ತರ ಕ² − 10ಕ + 25.

ಮತ್ತೊಂದು, 3(ಕ + 2)² ಕಂಡಾಗ 3ನ್ನು ಒಳಗೆ ತಗೊಂಡು (3ಕ + 6)² ಮಾಡುವುದು. ವರ್ಗ ಮೊದಲು, ಗುಣಾಕಾರ ಆಮೇಲೆ. 3(ಕ² + 4ಕ + 4), ಆಮೇಲೆ 3ಕ² + 12ಕ + 12. ಮುಂದೆ ಮೈನಸ್ ಇದ್ದರೂ ಅಷ್ಟೇ: −(ಕ − 5)² = −(ಕ² − 10ಕ + 25) = −ಕ² + 10ಕ − 25.

## ಹಂತ 8: 3 ಹಾಕಿ ತಾಳೆ ನೋಡುವುದು

ಬೀಜೋಕ್ತಿಯ ಆವರಣ ಬಿಡಿಸಿದರೆ ಅದರ ರೂಪ ಬದಲಾಗುತ್ತದೆ, ಬೆಲೆ ಬದಲಾಗುವುದಿಲ್ಲ. ಹಾಗಾಗಿ ಪ್ರಶ್ನೆಯಲ್ಲಿ ಕ ಇರುವಲ್ಲೆಲ್ಲ 3 ಹಾಕಿ ಬೆಲೆ ತೆಗೆಯಿರಿ, ಉತ್ತರದಲ್ಲೂ 3 ಹಾಕಿ ತೆಗೆಯಿರಿ. ಎರಡೂ ಒಂದೇ ಬರಬೇಕು. ಬೇರೆ ಬಂದರೆ ಉತ್ತರ ತಪ್ಪು, ಅನುಮಾನವೇ ಬೇಡ.

(2ಕ − 5)(ಕ + 4): 1 × 7 = 7. ಉತ್ತರ 2ಕ² + 3ಕ − 20: 18 + 9 − 20 = 7. ಸರಿ.

“0 ಹಾಕಿದ್ರ ಇನ್ನಾ ಸಲೀಸಲ್ರೀ?” ಎಂದು ಕೇಳುವವರಿದ್ದಾರೆ. ಸಲೀಸು ನಿಜ, ಆದರೆ 0 ತಪ್ಪನ್ನು ಮುಚ್ಚಿಡುತ್ತದೆ. (ಕ + 5)²ಕ್ಕೆ ಕ² + 25 ಎಂಬ ತಪ್ಪು ಉತ್ತರ ಬರೆದು 0 ಹಾಕಿ ನೋಡಿ, ಎರಡು ಕಡೆಯೂ 25. 1 ಕೂಡ ಬೇಡ: 1ರ ವರ್ಗವೂ 1, ಘನವೂ 1; 3ಕ² + 2ಕ = 5ಕ³ ಎಂಬ ಘೋರ ತಪ್ಪಿಗೂ ಎರಡು ಕಡೆ 5 ಬರುತ್ತದೆ. 2ರಲ್ಲಿ 2 + 2 ಮತ್ತು 2 × 2 ಎರಡೂ 4, ಆದ್ದರಿಂದ 2ಕ ಮತ್ತು ಕ² ಅದಲುಬದಲಾದದ್ದು ಕಾಣುವುದಿಲ್ಲ. 3ಕ್ಕೆ ಈ ಯಾವ ದೋಷವೂ ಇಲ್ಲ, ಮಗ್ಗಿಯೂ ಸುಲಭ. ಎರಡು ಅಕ್ಷರ ಇದ್ದರೆ ಎರಡಕ್ಕೂ ಒಂದೇ ಸಂಖ್ಯೆ ಹಾಕಬೇಡಿ; ಕ = 3, ಮ = 5 ಇರಲಿ.

ಬೆಲೆ ಸರಿಹೊಂದಿದ ಮಾತ್ರಕ್ಕೆ ನೂರಕ್ಕೆ ನೂರು ಖಾತ್ರಿ ಅಲ್ಲ. ಎರಡು ತಪ್ಪು ಒಂದನ್ನೊಂದು ಅಳಿಸಿರಬಹುದು. ಒಂದೇ ಅಕ್ಷರವಿದ್ದು ಅದರ ಅತಿ ದೊಡ್ಡ ಘಾತ 2 ಇದ್ದಾಗ, ಬೇರೆ ಬೇರೆ ಮೂರು ಸಂಖ್ಯೆಗಳಿಗೆ ಬೆಲೆ ಹೊಂದಿದರೆ ಮಾತ್ರ ಪೂರ್ತಿ ಖಾತ್ರಿ. ಪರೀಕ್ಷೆಯಲ್ಲಿ ಅಷ್ಟು ಸಮಯವಿಲ್ಲ, ಒಂದು ಸಾಕು.

ಬೆಲೆ ಹೊಂದದಿದ್ದರೆ ಇಡೀ ಲೆಕ್ಕ ಹೊಡೆದುಹಾಕಬೇಡಿ. ವ್ಯತ್ಯಾಸ ಎಷ್ಟೆಂದು ನೋಡಿ ಅದನ್ನು ಅರ್ಧ ಮಾಡಿ. ಆ ಅರ್ಧದಷ್ಟೇ ಬೆಲೆಯ ಪದ ಲೆಕ್ಕದಲ್ಲಿದ್ದರೆ ಮೊದಲು ಅದರ ಚಿಹ್ನೆಯನ್ನೇ ಶಂಕಿಸಿ. 7 − 2(ಕ − 4)ರ ಬೆಲೆ 9. 7 − 2ಕ − 8 ಬರೆದವರಿಗೆ −7 ಬರುತ್ತದೆ. ವ್ಯತ್ಯಾಸ 16, ಅರ್ಧ 8. ಆ 8ರ ಹಿಂದಿನ ಚಿಹ್ನೆ ನೋಡಿ. ಅಂಗಡಿಯ ಚಿಲ್ಲರೆಯಲ್ಲಿ 60 ಹೋದದ್ದೂ 30ರ ಚಿಹ್ನೆಯಿಂದಲೇ.

## ಎಲ್ಲ ಹಂತ ಒಟ್ಟಿಗೆ: ಒಂದು ಉದ್ದನೆಯ ಲೆಕ್ಕ

3(2ಕ − 1)² − (ಕ + 4)(ಕ − 6) − 5ಕ(ಕ − 2)

ಮೊದಲ ಸಾಲಿನಲ್ಲಿ ವರ್ಗ ಮತ್ತು ಎರಡು ಆವರಣಗಳ ಗುಣಾಕಾರ ಮಾತ್ರ. ಬಂದ ಉತ್ತರವನ್ನು ಆವರಣದೊಳಗೇ ಇಡಿ:

3(4ಕ² − 4ಕ + 1) − (ಕ² − 2ಕ − 24) − 5ಕ(ಕ − 2)

ಎರಡನೆಯ ಸಾಲಿನಲ್ಲಿ ಹೊರಗಿನ ಪದಗಳನ್ನು ಒಳಗೆ ಹಂಚಿ:

12ಕ² − 12ಕ + 3 − ಕ² + 2ಕ + 24 − 5ಕ² + 10ಕ

ಎಣಿಸಿ: 3 + 3 + 2 = 8 ಪದ. ಇವೆ. ಈಗ ಸಜಾತಿ ಪದಗಳನ್ನು ಜೊತೆ ಮಾಡಿ:

12ಕ² − ಕ² − 5ಕ² − 12ಕ + 2ಕ + 10ಕ + 3 + 24

= 6ಕ² + 27

ಕ ಪದಗಳು ಪೂರ್ತಿ ಅಳಿಸಿಹೋದವು. −12 + 2 + 10 = 0. ಇದನ್ನು ಕಂಡು ‘ಎಲ್ಲೋ ತಪ್ಪಾಗಿದೆ’ ಎಂದು ಸರಿ ಉತ್ತರವನ್ನು ಹೊಡೆದುಹಾಕಿದವರನ್ನು ನೋಡಿದ್ದೇನೆ. ಹೆದರದೆ 3 ಹಾಕಿ. ಪ್ರಶ್ನೆ: 3 × 25 − (7)(−3) − 15 × 1 = 75 + 21 − 15 = 81. ಉತ್ತರ: 54 + 27 = 81.

ಮೊದಲ ಸಾಲಿನಲ್ಲಿ ಆವರಣ ಇಡದೆ − ಕ² − 2ಕ − 24 ಎಂದು ಬರೆದಿದ್ದರೆ ಕೊನೆಗೆ 6ಕ² − 4ಕ − 21 ಬರುತ್ತಿತ್ತು. ಬೆಲೆ 21. ವ್ಯತ್ಯಾಸ 60, ಅರ್ಧ 30. ಕ = 3 ಇದ್ದಾಗ 2ಕ + 24 ಕೂಡ 30. ಅಂದರೆ ಆ ಎರಡು ಪದಗಳ ಚಿಹ್ನೆ ಒಟ್ಟಿಗೆ ಕೆಟ್ಟಿದೆ.

ಇನ್ನೂ ಒಂದು ತಡೆ. 6ಕ² + 27 ಬಂದ ಮೇಲೆ 3ರಿಂದ ಭಾಗಿಸಿ 2ಕ² + 9 ಎಂದು ‘ಇನ್ನೂ ಚಿಕ್ಕದು’ ಮಾಡುವವರಿದ್ದಾರೆ. ಇದಕ್ಕೆ ಸೊನ್ನೆ ಎಂದು ಸಮ ಹಾಕಿ ಕ ಬೆಲೆ ಹುಡುಕುವವರೂ ಇದ್ದಾರೆ. ಇದು ಸಮೀಕರಣವಲ್ಲ, ಬೀಜೋಕ್ತಿ. ಎರಡು ಪಕ್ಕ ಇಲ್ಲದ ತಕ್ಕಡಿಯಲ್ಲಿ ಎರಡೂ ಕಡೆ ಭಾಗಿಸುವುದು ಸಾಧ್ಯವಿಲ್ಲ. 81 ಇದ್ದ ಬೆಲೆ 27 ಆಗಿಬಿಡುತ್ತದೆ.

## ಕೈಗೆ ಐದು ಲೆಕ್ಕ

1. 4(ಕ − 3) − 2(ಕ − 5)
2. (ಕ + 7)(ಕ − 7) − (ಕ − 7)²
3. 2ಕ(3ಕ − ಮ) − 3ಮ(ಕ − 2ಮ)
4. (2ಕ + 3)(ಕ² − ಕ + 4)
5. 10 − [3 − (ಕ − 4)]

ದಿನಕ್ಕೆ ಒಂದೇ ಮಾಡಿ, ತಾಳೆ ನೋಡಿದ ಮೇಲಷ್ಟೇ ಕೆಳಗಿನ ಉತ್ತರ ನೋಡಿ.

ಒಂದನೆಯದು 2ಕ − 2, ಬೆಲೆ 4. ಎರಡನೆಯದು 14ಕ − 98, ಬೆಲೆ −56. ವರ್ಗ ಬಿಡಿಸಿ ಆವರಣದೊಳಗೇ ಇಡದವರಿಗೆ ಇದು ಬರುವುದಿಲ್ಲ. ಮೂರನೆಯದು 6ಕ² − 5ಕಮ + 6ಮ², ಕ = 3, ಮ = 5 ಹಾಕಿದರೆ 129. ನಾಲ್ಕನೆಯದು 2ಕ³ + ಕ² + 5ಕ + 12, ಬೆಲೆ 90. ನಡುವಿನ ಸಾಲಿನಲ್ಲಿ ಆರು ಪದ ಇದ್ದವೇ ಎಣಿಸಿ. ಐದನೆಯದು ಕ + 3, ಬೆಲೆ 6. ಅಲ್ಲಿ 3 − ಕ ಬಂದವರ ಬೆಲೆ 0, ವ್ಯತ್ಯಾಸ 6, ಅರ್ಧ 3, ಅದು ಕ. 10 − [7 − ಕ] ಎಂಬ ಸಾಲಿಗೆ ವಾಪಸ್ ಹೋಗಿ, ಆ ಮೈನಸ್ ಎರಡನೆಯ ಪದಕ್ಕೂ ತಲುಪಿದೆಯೇ ನೋಡಿ.